ಕಾಂಪೌಂಡರ್ ಜವರಯ್ಯನೂ ಸಿದ್ದಮ್ಮನ ಏಳು ತಿಂಗಳೂ

ಜವರಯ್ಯ ತೀರಿಕೊಂಡ ಹನ್ನೊಂದನೆಯ ದಿನ ದವಾಖಾನೆಯ ಸಮಿತಿಯವರು ಸಂತಾಪ ಸಭೆ ಮಾಡಿದರು. ಮೂರು ಜನ ಮಾತಾಡಿದರು. ಮೊದಲನೆಯವರು ಅವನನ್ನು ‘ವೃದ್ಧರ ಬಂಧು’ ಎಂದರು. ಎರಡನೆಯವರು ‘ಹುಟ್ಟಾ ತಾಳ್ಮೆವಂತ’ ಎಂದರು. ಮೂರನೆಯವರು ಅವನ ಹೆಸರನ್ನು ಜವರಪ್ಪ ಎಂದು ಎರಡು ಸಲ ತಪ್ಪಾಗಿ ಹೇಳಿ, ಬಸ್ಸಿಗೆ ಹೊತ್ತಾಯಿತೆಂದು ಅರ್ಧಕ್ಕೇ ಮಾತು ನಿಲ್ಲಿಸಿ ಇಳಿದು ಹೋದರು. ಒಟ್ಟು ಹದಿನಾಲ್ಕು ನಿಮಿಷ. ಎರಡು ವರ್ಷದ ಹಿಂದೆ ಇದೇ ಮೂವರು ಇದೇ ಜಗಲಿಯ ಮೇಲೆ ಕೂತು, ಜವರಯ್ಯನೆಂಬ ಈ ಆಮೆಯನ್ನು ಎಲ್ಲಿಗಾದರೂ ಸಾಗಹಾಕಿ ಎಂದು ಠರಾವು ಬರೆದಿದ್ದರು. ಕೊಡಗು ರಾಜ್ಯ ಇನ್ನು ಮೂರು ವಾರಕ್ಕೆ ಮೈಸೂರಿಗೆ ಸೇರುವುದಿತ್ತು. ಹೊಸ ಸರ್ಕಾರಕ್ಕೆ ತೋರಿಸಲು ಸಮಿತಿಗೆ ಏನಾದರೊಂದು ಒಳ್ಳೆಯದು ಬೇಕಾಗಿತ್ತು. ಸತ್ತವನೊಬ್ಬ ಸಿಕ್ಕಿದ, ಬಳಸಿಕೊಂಡರು.

ಹೊಗಳಿಕೆ ಸುಳ್ಳಾದರೆ ಹೋಗಲಿ ಎನ್ನಬಹುದು. ಇದು ಸುಳ್ಳು ಮಾತ್ರವಲ್ಲ, ತಲೆಕೆಳಗಾದ ಸುಳ್ಳು. ಜವರಯ್ಯ ಹುಟ್ಟಾ ತಾಳ್ಮೆವಂತನೇ ಅಲ್ಲ. ಹೊಳೆಸಾಲಿನ ಹಳ್ಳಿಗಳಲ್ಲೆಲ್ಲ ಅವನಷ್ಟು ಅವಸರದ ಕಾಂಪೌಂಡರ್ ಇನ್ನೊಬ್ಬ ಇರಲಿಲ್ಲ.

ಅವನ ತಂದೆ ಕೊಣನೂರು ಕಡೆಯಿಂದ ಹೊಳೆ ದಾಟಿ ಬಂದು ಹೊಂಗೆಕೊಪ್ಪಲಿನಲ್ಲಿ ರಾಗಿ ಹೊಲ ಮಾಡಿಕೊಂಡವನು. ಶಿರಂಗಾಲದಿಂದ ಒಂದು ಗಂಟೆಯ ನಡಿಗೆಯ ಊರು ಅದು. ಜವರಯ್ಯನಿಗೆ ಹೊಲ ಹತ್ತಲಿಲ್ಲ. ಯುದ್ಧದ ಕಾಲಕ್ಕೆ ಮಿಲಿಟರಿ ಆಸ್ಪತ್ರೆಯೊಂದರಲ್ಲಿ ಮೂರು ವರ್ಷ ಗಾಯ ಕಟ್ಟಿ, ಮದ್ದು ಕಲಸಿ, ಒಂದು ಸರ್ಟಿಫಿಕೇಟು ಮತ್ತು ಒಂದು ಜೊತೆ ಬೂಟು ಸಂಪಾದಿಸಿಕೊಂಡು ಊರಿಗೆ ಬಂದ. ಚಂದಾ ಎತ್ತಿ ದವಾಖಾನೆ ತೆರೆದಿದ್ದ ಸಮಿತಿಯವರು ಬೂಟು ನೋಡಿಯೇ ಕೆಲಸ ಕೊಟ್ಟರೆಂದು ಅವನೇ ಹೇಳಿ ನಗುತ್ತಿದ್ದ. ಡಾಕ್ಟರು ಬೆಳ್ಯಪ್ಪನವರು. ಮಡಿಕೇರಿ ಕಡೆಯವರು, ಎಲ್.ಎಂ.ಪಿ. ಓದಿದವರು, ಮಂಗಳವಾರ ಮತ್ತು ಶನಿವಾರ ಮಾತ್ರ ಕಾರಿನಲ್ಲಿ ಬರುತ್ತಿದ್ದರು. ಕುರು ಕೊಯ್ಯುವುದರಲ್ಲಿ ಕೈ ಒಳ್ಳೆಯದು, ಅದನ್ನು ಒಪ್ಪಲೇಬೇಕು. ಕೊಯ್ಯುವುದಕ್ಕೇನೂ ಇಲ್ಲದ ರೋಗಿ ಎದುರಿಗೆ ಬಂದರೆ ಮಾತ್ರ ಅವರ ಕಣ್ಣು ಗಡಿಯಾರದ ಮೇಲಿರುತ್ತಿತ್ತು.

ಆ ದವಾಖಾನೆಯ ಉತ್ತರದ ಕಿಟಕಿಗೆ ಅಗಲವಾದ ಕಲ್ಲುಹಾಸು ಇತ್ತು. ಊರವರು ಅಲ್ಲಿ ತಮ್ಮ ಸೀಸೆಗಳನ್ನು ಸಾಲಾಗಿ ಇಟ್ಟುಹೋಗುತ್ತಿದ್ದರು. ಮೊದಮೊದಲು ಸೀಸೆ ಇಟ್ಟವರು ಹೊಂಗೆ ಮರದ ನೆರಳಲ್ಲಿ ಕೂತು ತಮ್ಮ ಸರದಿಗೆ ಕಾಯುತ್ತಿದ್ದರು. ಆಮೇಲೆ ಸೀಸೆ ಇಟ್ಟು ಸಂತೆಗೆ ಹೋಗಿ ಬರತೊಡಗಿದರು. ಕೊನೆಗೆ ಬರುವುದನ್ನೇ ಬಿಟ್ಟರು, ಸೀಸೆಗಳಷ್ಟೇ ಬಂದವು. ಮೆಣಸಿನಕಾಯಿ ಬುಟ್ಟಿ ಹೊತ್ತು ಶನಿವಾರದ ಸಂತೆಗೆ ಹೋಗುವ ಮಾರಿ ಎಂಬ ಹೆಂಗಸು, ಬುಟ್ಟಿಯ ಒಂದು ಮಗ್ಗುಲಲ್ಲಿ ಹುಲ್ಲು ಹಾಸಿ ಇಡೀ ಕೇರಿಯ ಸೀಸೆಗಳನ್ನು ಹೊತ್ತು ತರುತ್ತಿದ್ದಳು. “ಕರೀ ಸೀಸೆ ತಿಮ್ಮಜ್ಜಂದು, ಕೆಮ್ಮು. ಮೂಗು ಮುರ್ದಿರೋದು ನಮ್ಮ ಚಿಕ್ಕಪ್ಪಂದು, ಹೊಟ್ಟೆ. ಹಸ್ರುದು ಸಿದ್ದವ್ವಂದು, ನಿದ್ದೆ,” ಎಂದು ಒಪ್ಪಿಸುತ್ತಿದ್ದಳು. ಡಾಕ್ಟರು ತಲೆಯೆತ್ತದೆ ಚೀಟಿಯ ಮೇಲೆ ‘ರಿಪೀಟ್’ ಎಂದು ಬರೆಯುತ್ತಿದ್ದರು. ಜವರಯ್ಯ ತುಂಬಿಸುತ್ತಿದ್ದ. ಸೀಸೆಯ ಮೈಗೆ ಗರಗಸದ ಹಲ್ಲಿನಂತೆ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸುತ್ತಿದ್ದ. ಒಂದು ಹಲ್ಲು ಅಂದರೆ ಒಂದು ಹೊತ್ತಿನ ಮದ್ದು. ಗಂಟೆಗೆ ಅರವತ್ತು ಸೀಸೆ. ಸಮಿತಿಯ ಅಧ್ಯಕ್ಷರು ಒಮ್ಮೆ ಪಕ್ಕದಲ್ಲಿ ನಿಂತು ಗಡಿಯಾರ ಹಿಡಿದು ನೋಡಿ ಬೆನ್ನು ತಟ್ಟಿದ್ದರು. ಜವರಯ್ಯನಿಗೆ ಅದರ ಹೆಮ್ಮೆ ಇತ್ತು. ಹೆಂಡತಿ ಹೊನ್ನಮ್ಮನ ಮುಂದೆ ಹೇಳಿಕೊಂಡದ್ದೂ ಉಂಟು. “ಅರವತ್ತು ಜನಾನ ನೋಡ್ದ್ಯಾ?” ಎಂದು ಅವಳು ಕೇಳಿದರೆ, “ಜನ ಯಾಕೆ ನೋಡ್ಬೇಕು, ಸೀಸೆ ನೋಡ್ದೆ,” ಎಂದಿದ್ದ. ಬುದ್ಧಿವಂತ ಉತ್ತರ ಎಂದುಕೊಂಡಿದ್ದ ಅದನ್ನು.

ಐವತ್ತನಾಲ್ಕನೆಯ ಇಸವಿಯ ಮಾರ್ಚಿ ತಿಂಗಳು, ಹುಣಸೆ ಬಡಿಯುವ ಕಾಲ. ಒಂದು ಶನಿವಾರ ಕೇರಿಯ ಸಿದ್ದಮ್ಮನ ಮಗ ಪುಟ್ಟಸ್ವಾಮಿ ಸೀಸೆಯಿಲ್ಲದೆ ತಾನೇ ಬಂದು ಡಾಕ್ಟರ ಮೇಜಿನ ಮುಂದೆ ನಿಂತ.

“ಸಾರ್, ನಮ್ಮವ್ವಂಗೆ ತಲೆ ಕೆಟ್ಟೋಯ್ತು. ನನ್ನ ಮೊಖ ನೋಡಿ ನೀನ್ಯಾವನೋ ಅಂತಾಳೆ. ಸತ್ತೋದ ನಮ್ಮ ಚಿಕ್ಕವ್ವನ ಜೊತೆ ಮಾತಾಡ್ತಾಳೆ. ಹಗಲೆಲ್ಲ ತೂಗ್ತಾಳೆ, ಎದ್ರೆ ಬೀಳ್ತಾಳೆ. ಮೊನ್ನೆ ಹಿಟ್ಟಿನ ತಪ್ಪಲೆ ತಗಂಡು ನನ್ನೆಂಡ್ರ ಮೇಲೆ ಎಸೆದ್ಲು.”

“ಕರ್ಕೊಂಡು ಬಂದಿದೀಯಾ?”

“ಎಲ್ಲಿ ಬತ್ತಾಳೆ ಸಾರ್, ಗಾಡೀಲಿ ಕೂರ್ಸಿದ್ರೆ ಉರುಳ್ಕಂಡು ಬಿದ್ದೋಗ್ತಾಳೆ.”

“ವಯಸ್ಸೆಷ್ಟು?”

“ಎಪ್ಪತ್ತೈದೋ ಎಂಬತ್ತೋ.”

“ಅರವತ್ತಕ್ಕೇ ಅರಳುಮರಳು ಅಂತಾರಲ್ಲಪ್ಪ, ನಿಮ್ಮವ್ವ ಹದಿನೈದು ವರ್ಷ ಲೇಟು,” ಎಂದು ಡಾಕ್ಟರು ನಕ್ಕರು. ನಗುತ್ತಲೇ ಬೆಂಗಳೂರಿನ ಹುಚ್ಚಾಸ್ಪತ್ರೆಗೆ ಕಾಗದ ಬರೆದರು. ಬರೆದು ಮುಗಿಸುವಷ್ಟರಲ್ಲಿ ಹಿಂದಿದ್ದ ಹಲ್ಲುನೋವಿನವನನ್ನು ಮುಂದೆ ಬಾ ಎಂದು ಕೈಸನ್ನೆ ಮಾಡಿಯಾಗಿತ್ತು. ಸೋಮವಾರದ ಬಸ್ಸಿಗೆ ಕರೆದುಕೊಂಡು ಹೋಗುವುದೆಂದು ತೀರ್ಮಾನವಾಯಿತು. ಒಬ್ಬ ಮುದುಕಿಯ ಬಾಳು ಎರಡು ನಿಮಿಷದಲ್ಲಿ ಇತ್ಯರ್ಥವಾದ ಬಗೆ ಇದು. ಒಂದು ಹಸುವನ್ನು ಮಾರಬೇಕಾದರೂ ಆ ಊರಿನವರು ಅದರ ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ, ಬಾಲ ಎತ್ತಿ ನೋಡುತ್ತಾರೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾರೆ.

ಲಕೋಟೆಯ ಮೇಲೆ ವಿಳಾಸ ಬರೆಯುವುದು ಜವರಯ್ಯನ ಕೆಲಸ. ಬರೆಯುವಾಗ ಅವನ ಕೈ ಮೊದಲ ಬಾರಿಗೆ ನಿಧಾನವಾಯಿತು. ಸಿದ್ದಮ್ಮನಿಗೆ ತಲೆ ಕೆಟ್ಟಿತೆ? ಯಾವ ಕೋಳಿ ಯಾವ ಪೊದೆಯ ಬುಡದಲ್ಲಿ ಮೊಟ್ಟೆಯಿಟ್ಟಿತೆಂದು ಮನೆಯಲ್ಲಿ ಕೂತೇ ಹೇಳುವವಳು ಅವಳು. ಗಂಡ ಹೋದ ಮೇಲೆ ಹಸೆಯ ಹತ್ತಿರ ಸುಳಿಯದಿದ್ದರೂ, ಯಾರ ಮನೆಯ ಮದುವೆಯಾದರೂ ಚಪ್ಪರದ ಕಂಬಕ್ಕೆ ಒರಗಿ ಕೂತು ಸೋಬಾನೆ ಎತ್ತಿಕೊಡುವವಳು ಅವಳೇ. ಇನ್ನೂರು ಪದ ನಾಲಿಗೆಯ ತುದಿಯಲ್ಲಿ. ಹಿಂದಿನ ಯುಗಾದಿಗೆ ಅವನ ಬೂಟು ನೋಡಿ, “ಲೇ ಜವರ, ಕಾಲಿಗೆ ಲಾಳ ಹೊಡಿಸ್ಕಂಡಿದೀಯ, ಇನ್ನು ಬೆನ್ನಿಗೆ ಗೋಣಿ ಯಾವಾಗ?” ಎಂದು ಬೀದಿಯಲ್ಲಿ ಮಾನ ಕಳೆದಿದ್ದಳು. ಅಂಥ ತಲೆ ಒಂದು ವರ್ಷದಲ್ಲಿ ಕೆಡುವುದೆಂದರೇನು? ಆಮೇಲೆ ಅವನಿಗೆ ಇನ್ನೊಂದು ವಿಷಯ ಹೊಳೆಯಿತು. ಏಳು ತಿಂಗಳಿಂದ ಪ್ರತಿ ಶನಿವಾರ ಆ ಹಸಿರು ಸೀಸೆಯನ್ನು ಅವನು ನೋಡಿದ್ದ. ಸಿದ್ದಮ್ಮನನ್ನು ಒಂದು ಸಲವೂ ನೋಡಿರಲಿಲ್ಲ.

ಭಾನುವಾರ ಬೆಳಿಗ್ಗೆ ಎದ್ದವನೇ ಪುಟ್ಟಸ್ವಾಮಿಯ ಮನೆಗೆ ಹೋಗಿ ಪಡಸಾಲೆಯಲ್ಲಿ ಮುದುಕಿಯ ಎದುರು ಕೂತ. ಅವಳು ಹಲಗೆಯ ಮೇಲೆ ಕಾಲು ಇಳಿಬಿಟ್ಟು ಗೋಡೆಗೆ ಒರಗಿದ್ದಳು. ಬಾಯಿ ತೆರೆದಿತ್ತು. ಮುಖದ ತುಂಬ ಹದಿನಾರರ ಹುಡುಗಿಗೆ ಬರುವಂಥ ಮೊಡವೆ. ಅವನನ್ನು ನೋಡಿ, “ರಾಮೀ, ಎಮ್ಮೆ ಕಟ್ಟಿದ್ಯೇನೇ?” ಎಂದಳು. ರಾಮಮ್ಮ ಅವಳ ತಂಗಿ. ಹಿಂದಿನ ಶ್ರಾವಣದಲ್ಲಿ ಸತ್ತವಳು.

ಜವರಯ್ಯ ಏನೂ ಮಾಡಲಿಲ್ಲ. ಕೂತ. ಮಧ್ಯಾಹ್ನವಾದರೂ ಕೂತೇ ಇದ್ದ. ಪುಟ್ಟಸ್ವಾಮಿಯ ಹೆಂಡತಿ ಚಲುವಮ್ಮ ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಅವನನ್ನು ಅಳೆದು ನೋಡಿದಳು.

“ಏನ್ ಜವರಣ್ಣ, ಬೆಳಗಿಂದ ಕುಂತಿದೀಯಲ್ಲ, ಹೆಣ್ಣು ನೋಡಕ್ ಬಂದೋನಂಗೆ? ನಿಂಗೇನು ಬೇರೆ ಗೇಮೆ ಇಲ್ವಾ?”

“ಇದೇ ಗೇಮೆ ಕಣಮ್ಮ. ಅವ್ವ ದಿನಾ ಏನು ಉಣ್ತಾರೆ, ಯಾವಾಗ ಉಣ್ತಾರೆ, ಒಂದೊಂದಾಗಿ ಹೇಳು.”

“ಉಣ್ಣೋದೇನು ಬಂತು. ಸಂಕ್ರಾಂತಿ ಹೊತ್ಗೆ ಕಾಲು ಊದ್ಕಂತು. ಇವರು ಹೋಗಿ ಡಾಕ್ಟ್ರನ್ನ ಕೇಳುದ್ರು. ಉಪ್ಪು ಬಿಡ್ಸಿ ಅಂದ್ರಂತೆ. ಬಿಡ್ಸಿದೆ. ಅವತ್ತಿಂದ ಹಿಟ್ಟು ಸೇರಲ್ಲ, ಸಾರು ಸೇರಲ್ಲ, ಎಲ್ಲಾ ಸಪ್ಪೆ ಅಂತ ಉಗೀತಾರೆ. ನಿಮ್ಮ ಸೀಸೆ ಮದ್ದೊಂದನ್ನ ಮಾತ್ರ ಬಾಯಿ ಚಪ್ಪರಿಸ್ಕಂಡು ಕುಡೀತಾರೆ ನೋಡು. ಇನ್ನೊಂದಿಷ್ಟು ಕೊಡೇ ಅಂತ ಕೈ ಹಿಡ್ಕಂತಾರೆ.”

“ಕೊಡ್ತೀಯಾ?”

“ಕೊಡ್ದೆ? ಕೂಗಾಡ್ದಾಗ ಒಂದು ಹಲ್ಲು ಜಾಸ್ತಿ ಹಾಕ್ತೀನಿ. ಸುಮ್ನೆ ಮಲೀಕತಾರೆ. ನಂಗೂ ಮನೆ ಕೆಲ್ಸ ಆಗ್ಬೇಕಲ್ಲ.”

ಜವರಯ್ಯ ಎದ್ದು ಗೂಡಿನಲ್ಲಿದ್ದ ಹಸಿರು ಸೀಸೆ ತೆಗೆದು, ಬೆರಳ ತುದಿಗೆ ಒಂದು ತೊಟ್ಟು ಬಿಟ್ಟುಕೊಂಡು ನಾಲಿಗೆಗೆ ಹಚ್ಚಿದ. ಅದನ್ನು ನೂರಾರು ಸಲ ಕಲಸಿದ್ದ, ಒಂದು ಸಲವೂ ರುಚಿ ನೋಡಿರಲಿಲ್ಲ. ಉಪ್ಪುಪ್ಪಾಗಿತ್ತು, ಹಿಂದೆಯೇ ಕಹಿ. ನಿದ್ದೆಗೆ ಕೊಡುವ ಬ್ರೋಮೈಡ್ ಮಿಕ್ಸ್ಚರು. ಉಪ್ಪಿಗೆ ಬಾಯಿ ಬಿಡುತ್ತಿದ್ದ ಮುದುಕಿಗೆ ಇಡೀ ಮನೆಯಲ್ಲಿ ಸಿಕ್ಕ ಉಪ್ಪಿನ ರುಚಿ ಇದೊಂದೇ. ಅವನಿಗೆ ಮಿಲಿಟರಿ ಆಸ್ಪತ್ರೆಯ ಒಬ್ಬ ಹವಾಲ್ದಾರ ನೆನಪಾದ. ಇದೇ ಮೊಡವೆ, ಇದೇ ತೂಗಾಟ, ಇದೇ ಸತ್ತವರ ಜೊತೆ ಮಾತು. ಅಲ್ಲಿದ್ದ ಮುದಿ ಡಾಕ್ಟರೊಬ್ಬರು ಅರ್ಧ ದಿನ ಅವನ ಮಂಚದ ಪಕ್ಕ ಕೂತು ನೋಡಿ, ಇವನಿಗೆ ರೋಗವಿಲ್ಲ, ಇವನಿಗೆ ಮದ್ದು ಹಿಡಿದಿದೆ ಎಂದಿದ್ದರು. ಈ ಮದ್ದು ಮೈಯಲ್ಲಿ ಉಳಿದು ಉಳಿದು ಕೂಡಿಕೊಳ್ಳುತ್ತದೆ, ಉಪ್ಪು ಬಿಡಿಸಿದರೆ ಇನ್ನಷ್ಟು ಕೂಡಿಕೊಳ್ಳುತ್ತದೆ, ನಿಲ್ಲಿಸಿ ಉಪ್ಪುನೀರು ಕೊಟ್ಟರೆ ಮೆಲ್ಲಗೆ ಇಳಿಯುತ್ತದೆ ಎಂದು ಜವರಯ್ಯನ ಮುಂದೆಯೇ ಹೇಳಿದ್ದರು. ಜವರಯ್ಯನಿಗೆ ಗೊತ್ತಿತ್ತು. ಗೊತ್ತಿದ್ದೂ ಮೂವತ್ತು ಶನಿವಾರ ಆ ಸೀಸೆಯನ್ನು ಕುತ್ತಿಗೆಯವರೆಗೆ ತುಂಬಿದ್ದ. ತಂಗಿ ಸತ್ತ ದುಃಖಕ್ಕೆ ನಿದ್ದೆ ಬಾರದ ಮುದುಕಿಯ ಹತ್ತಿರ ಯಾರಾದರೂ ನಾಲ್ಕು ಸಂಜೆ ಕೂತು ಆ ತಂಗಿಯ ಮಾತಾಡಿದ್ದರೆ ಮುಗಿಯುತ್ತಿದ್ದ ಕಾಯಿಲೆ ಅದು. ಕೂರಲು ಯಾರಿಗೂ ಪುರುಸೊತ್ತಿರಲಿಲ್ಲ, ಆದ್ದರಿಂದ ಸೀಸೆ ಕಳಿಸಿದರು.

ಸಂಜೆಗೆ ಪುಟ್ಟಸ್ವಾಮಿ ಹೊಲದಿಂದ ಬಂದ. ನಾಳೆಯ ಪ್ರಯಾಣಕ್ಕೆ ಬಟ್ಟೆಗಂಟು ಆಗಲೇ ಕಟ್ಟಿಟ್ಟಿತ್ತು.

“ಪುಟ್ಟಸ್ವಾಮಿ, ನಾಳೆ ಹೋಗ್ಬೇಡ. ಮೂರು ವಾರ ಬಿಡು. ಈ ಮದ್ದು ನಿಲ್ಸಿ, ಉಪ್ಪು ಹಾಕಿ ಗಂಜಿ ಕೊಡಿ.”

“ಡಾಕ್ಟ್ರು ಉಪ್ಪು ಬ್ಯಾಡ ಅಂದವ್ರೆ, ನೀನು ಹಾಕು ಅಂತೀಯ. ಡಾಕ್ಟ್ರು ದೊಡ್ಡೋರಾ, ನೀನ್ ದೊಡ್ಡೋನಾ?”

“ಅವರೇ ದೊಡ್ಡೋರು. ಅವರು ನೋಡ್ದೇನೇ ಹೇಳಬಲ್ಲೋರು. ನಾನು ದಡ್ಡ, ನಂಗೆ ನೋಡ್ಬೇಕು. ನೋಡ್ದೆ.”

“ನೋಡಿ ಏನು ಕಂಡೆ?”

ಇಲ್ಲಿ ಜವರಯ್ಯ ಸುಳ್ಳು ಹೇಳಬಹುದಿತ್ತು. ಗಾಳಿ ಸೋಕಿದೆ ಎಂದಿದ್ದರೂ ಪುಟ್ಟಸ್ವಾಮಿ ಮೂರು ವಾರ ಏಕೆ, ಮೂರು ತಿಂಗಳು ಕಾಯುತ್ತಿದ್ದ. ಹೊಸ ಮದ್ದು ಬಂದಿದೆ ಎಂದಿದ್ದರೂ ಆಗುತ್ತಿತ್ತು. ಅವನು ಹಸಿರು ಸೀಸೆಯನ್ನು ಪುಟ್ಟಸ್ವಾಮಿಯ ಮುಂದೆ ಇಟ್ಟ.

“ನಿಮ್ಮವ್ವಂಗೆ ತಲೆ ಕೆಟ್ಟಿಲ್ಲ. ನಾವು ಕೆಡ್ಸಿದೀವಿ. ಆ ಸೀಸೆ ತುಂಬಿದ ಕೈ ನಂದೇ.”

ಪುಟ್ಟಸ್ವಾಮಿ ಅವನ ಅಂಗಿಯ ಕೊರಳಪಟ್ಟಿ ಹಿಡಿದು ಗೋಡೆಗೆ ಒತ್ತಿದ. “ಏಳು ತಿಂಗ್ಳಿಂದ ನಮ್ಮವ್ವಂಗೆ ವಿಷ ಕೊಟ್ಯೇನೋ ಬೇವರ್ಸಿ!” ಎಂದ. ಜವರಯ್ಯ ಬಿಡಿಸಿಕೊಳ್ಳಲಿಲ್ಲ. ಬಿಡಿಸಿದವಳು ಚಲುವಮ್ಮ.

“ಬಿಡಿ ಅತ್ಲಾಗೆ. ಅವ್ನು ತುಂಬ್ದ, ನಾನು ಕುಡಿಸ್ದೆ, ನೀವು ತರ್ಸಿದ್ರಿ. ಯಾರ ಕೊರಳಪಟ್ಟಿ ಅಂತ ಹಿಡೀತೀರಾ? ಬೆಂಗ್ಳೂರಿಗೆ ಹೋಗಿ ಬರಕ್ಕೆ ನಾಕು ದಿನ ಬೇಕು, ಹುಣಸೆಹಣ್ಣು ಮಳೆಗೆ ಸಿಕ್ರೆ ಹೋಯ್ತು. ಮೂರು ವಾರ ಆದ್ಮೇಲೆ ಹೋದ್ರೆ ಹುಚ್ಚಾಸ್ಪತ್ರೆ ಏನು ಎದ್ದು ಓಡೋಗ್ತದಾ? ಜವರಣ್ಣ, ದಿನಾ ಬಂದು ನೀನೇ ಕೂರ್ಬೇಕು. ನಂಗಾಗಲ್ಲ.”

ಹೀಗೆ, ಪ್ರೀತಿಯಿಂದಲ್ಲ, ಹುಣಸೆಹಣ್ಣಿನ ದೆಸೆಯಿಂದ ಸಿದ್ದಮ್ಮನಿಗೆ ಮೂರು ವಾರ ಸಿಕ್ಕಿತು.

ಮೊದಲ ಎಂಟು ದಿನ ಅವಳು ಇನ್ನೂ ಕೆಟ್ಟಳು. ಮದ್ದು ಕೊಡಿ ಎಂದು ಬೀದಿಗೆ ಕೇಳುವಂತೆ ಕೂಗಿದಳು, ಜವರಯ್ಯನ ಕೈ ಕಚ್ಚಿದಳು. ಅವನು ದವಾಖಾನೆ ಮುಗಿಸಿ ದಿನಾ ಬಂದು ಕೂರುತ್ತಿದ್ದ. ಉಪ್ಪಿನ ಗಂಜಿಯನ್ನು ಗುಟುಕು ಗುಟುಕಾಗಿ ಕುಡಿಸುತ್ತಿದ್ದ; ಒಂದು ಲೋಟಕ್ಕೆ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ಕಾಲನ್ನು ದಿಂಬಿನ ಮೇಲೆ ಎತ್ತಿಡುತ್ತಿದ್ದ. ಹಗಲೆಲ್ಲ ಕಾಲು ಇಳಿಬಿಟ್ಟು ಕೂತಿದ್ದರೆ ಯಾರ ಕಾಲು ಊದುವುದಿಲ್ಲ? ಎತ್ತಿಟ್ಟ ಆರನೆಯ ದಿನಕ್ಕೆ ಊತ ಇಳಿಯಿತು. ಇವತ್ತು ಯಾವ ವಾರ, ಯಾರ ಮನೆಯ ಹಸು ಈಯಿತು, ಹೊಳೆಯಲ್ಲಿ ನೀರೆಷ್ಟಿದೆ ಎಂದು ದಿನಾ ಹೇಳುತ್ತಿದ್ದ. ಊರವರಿಗೆ ಒಳ್ಳೆಯ ತಮಾಷೆ. ಬೀದಿಯಲ್ಲಿ ಹೋಗುವವರು ಇಣುಕಿ, “ಏನ್ ಜವರಣ್ಣ, ಹುಚ್ಚಿಗೆ ಪಂಚಾಂಗ ಓದ್ತಿದೀಯಾ?” ಎನ್ನುತ್ತಿದ್ದರು. ತಮ್ಮ ಮನೆಯ ಮುದುಕರನ್ನು ಸೀಸೆಯ ಲೆಕ್ಕದಲ್ಲಿ ಇಟ್ಟಿದ್ದ ಜನ ಇವರು. ತಮಗೆ ನಗುವ ಹಕ್ಕಿದೆ ಎಂದು ಅವರು ನಂಬಿದ್ದರು.

ಅಷ್ಟರಲ್ಲಿ ಜವರಯ್ಯ ಇನ್ನೊಂದು ಕೆಲಸ ಮಾಡಿದ. ಕಿಟಕಿಯ ಕಲ್ಲುಹಾಸಿನ ಮೇಲೆ ಮುಳ್ಳಿನ ಕೊಂಬೆ ಇಟ್ಟ. ಮನುಷ್ಯರಿಲ್ಲದ ಸೀಸೆಗೆ ಮದ್ದಿಲ್ಲ, ಬರಲಾಗದವರ ಮನೆಗೆ ತಾನೇ ಬರುತ್ತೇನೆ ಎಂದ. ಹೋಗಿಯೂ ಹೋದ. ಕರೀ ಸೀಸೆಯ ತಿಮ್ಮಜ್ಜನನ್ನು ಹುಡುಕಿಕೊಂಡು ಹೋದರೆ ತಿಮ್ಮಜ್ಜ ಸತ್ತು ಒಂದೂವರೆ ತಿಂಗಳಾಗಿತ್ತು. ಸೀಸೆ ಯಾಕೆ ವ್ಯರ್ಥ ಮಾಡುವುದೆಂದು ಅವನ ಸೊಸೆ ಆ ಕೆಮ್ಮಿನ ಮದ್ದನ್ನು ಕರುವಿಗೆ ಕುಡಿಸುತ್ತಿದ್ದಳು. ಕರು ಚೆನ್ನಾಗಿಯೇ ಇತ್ತು. ದವಾಖಾನೆಯ ಪುಸ್ತಕದಲ್ಲಿ ತಿಮ್ಮಜ್ಜನೂ ಚೆನ್ನಾಗಿಯೇ ಇದ್ದ.

ಎರಡನೆಯ ಮಂಗಳವಾರ ಡಾಕ್ಟರು ಮುಳ್ಳಿನ ಕೊಂಬೆ ನೋಡಿದರು. ಪುಟ್ಟಸ್ವಾಮಿ ಬೆಂಗಳೂರಿಗೆ ಹೋಗಲಿಲ್ಲವೆಂಬುದನ್ನೂ ಯಾರೋ ಕಿವಿಗೆ ಹಾಕಿದ್ದರು. ಎಲ್ಲರ ಎದುರಿಗೆ ಕರೆದರು.

“ಏನಯ್ಯ, ಎಲ್.ಎಂ.ಪಿ. ಬೋರ್ಡು ಇಳಿಸಿ ನಿನಗೇ ಕೊಟ್ಟುಬಿಡ್ಲಾ? ನಾನು ಬರೆದ ಪ್ರಿಸ್ಕ್ರಿಪ್ಷನ್ ನಿಲ್ಲಿಸೋಕೆ ನೀನ್ಯಾರು?”

“ಯಾರೂ ಅಲ್ಲ ಸಾರ್. ಒಂದು ತೊಟ್ಟು ನಾಲಿಗೆಗೆ ಹಚ್ಕೊಂಡೆ, ಅಷ್ಟೇ. ತಾವೂ ಒಂದ್ಸಲ ಬಂದು ಸಿದ್ದವ್ವನ್ನ ನೋಡ್ಬೇಕು.”

“ಒಬ್ಬ ಮುದುಕಿಗೆ ದಿನಗಟ್ಟಲೆ ಕೂತರೆ ಮಿಕ್ಕ ಎಂಬತ್ತು ರೋಗಿಗಳ ಗತಿ ಏನು?”

“ಎಂಬತ್ತು ರೋಗಿಗಳೆಲ್ಲಿ ಸಾರ್? ಮೂವತ್ತು ಜನ, ಐವತ್ತು ಸೀಸೆ. ಅದ್ರಲ್ಲಿ ಒಂದು ಕರು.”

ಸರದಿಯಲ್ಲಿದ್ದವರು ಕಿಸಕ್ಕನೆ ನಕ್ಕರು. ಆ ನಗುವನ್ನು ಡಾಕ್ಟರು ಮರೆಯಲಿಲ್ಲ. ಮುದುಕಿಯನ್ನು ನೋಡಲೂ ಹೋಗಲಿಲ್ಲ. ಮುನ್ನೂರು ಹೆಜ್ಜೆ ದೂರ ಆ ಮನೆ. ಹೋಗಿದ್ದರೆ ಅವರಿಗೂ ಗೊತ್ತಾಗುತ್ತಿತ್ತು, ಓದಿದವರೇ ತಾನೆ. ಸಂಜೆಗೆ ಸಮಿತಿಗೆ ಕಾಗದ ಬರೆದರು. ಕಾಂಪೌಂಡರ್ ನಿಧಾನಿಯಾಗಿದ್ದಾನೆ, ರೋಗಿಗಳ ಸಂಖ್ಯೆ ಅರ್ಧಕ್ಕಿಳಿದಿದೆ, ಇತ್ಯಾದಿ. ಸಂಖ್ಯೆ ಇಳಿದದ್ದು ನಿಜ. ಸಮಿತಿಯವರು ಹೌಹಾರಿದರು. ಒಂದು ಊರಿನಲ್ಲಿ ರೋಗಿಗಳು ಕಡಿಮೆಯಾದರೆಂದು ದುಃಖಪಡುವ ದವಾಖಾನೆಯನ್ನು ಕೊಡಗು ರಾಜ್ಯ ಅದಕ್ಕೆ ಮುಂಚೆ ಕಂಡಿತ್ತೋ ಇಲ್ಲವೋ.

ಜವರಯ್ಯನಿಗೆ ಸಮಿತಿಯ ಭಯಕ್ಕಿಂತ ದಿನದ ಭಯ ಹೆಚ್ಚಾಗಿತ್ತು. ಹದಿಮೂರು ದಿನ ಕಳೆದವು, ಹದಿನಾಲ್ಕು ಕಳೆದವು. ಬಟ್ಟೆಗಂಟು ಇನ್ನೂ ಮೂಲೆಯಲ್ಲೇ ಕಟ್ಟಿದಂತೆ ಇತ್ತು. ಹವಾಲ್ದಾರನಿಗೆ ವಯಸ್ಸು ಮೂವತ್ತು, ಇವಳಿಗೆ ಎಂಬತ್ತು. ಇಳಿಯದೆಯೇ ಹೋದರೆ? ತಾನು ನೋಡಿದ್ದೇ ತಪ್ಪಾಗಿದ್ದರೆ? ಹೊನ್ನಮ್ಮ ಬಡಿಸಿದ ಮುದ್ದೆಯನ್ನು ಅವನು ಮುರಿದು ಮುರಿದು ಹಾಗೇ ಬಿಟ್ಟು ಏಳುತ್ತಿದ್ದ. ಹದಿನೈದನೆಯ ದಿನ ಮುದುಕಿ ಕೂಗಲಿಲ್ಲ. ಹದಿನಾರನೆಯ ದಿನ ಗೋಡೆ ಹಿಡಿದು ನಡುಮನೆಯವರೆಗೆ ಬೀಳದೆ ನಡೆದಳು. ಹದಿನೆಂಟನೆಯ ಸಂಜೆ ಜವರಯ್ಯ ಎಂದಿನಂತೆ, “ಇವತ್ತು ಗುರುವಾರ ಕಣವ್ವ, ಮೇಲಿನ ಕೇರಿ ಬೋರಣ್ಣನ ಹಸು…” ಎಂದು ಶುರು ಮಾಡಿದ.

“ಗುರ್ವಾರ ಅಂತ ಬೆಳಿಗ್ಗೇನೇ ಗೊತ್ತು ಕಣ್ಲಾ. ಚಲುವಿ ತಲೆಗೆ ನೀರು ಹಾಕ್ಕಂಡವ್ಳೆ,” ಎಂದಳು ಸಿದ್ದಮ್ಮ. ಅವನನ್ನೇ ದಿಟ್ಟಿಸಿ ನೋಡಿದಳು. “ನೀನ್ಯಾಕ್ಲಾ ಇಲ್ಲಿ ಕುಂತಿದೀಯ? ನಿನ್ನೆಂಡ್ರು ಮನೆಯಿಂದ ಹೊರಗಾಕಿದ್ಲಾ?”

ಚಲುವಮ್ಮ ಒಳಗಿನಿಂದ ಓಡಿ ಬಂದಳು. ಪುಟ್ಟಸ್ವಾಮಿ ಹಟ್ಟಿಯಿಂದ ಬಂದು ಬಾಗಿಲಲ್ಲಿ ನಿಂತ. “ಅವ್ವ, ನಾನ್ಯಾರು?” ಎಂದು ಕೇಳಿದ. “ನಿಂಗೇ ಮರೆತೋಯ್ತಾ?” ಎಂದಳು ಮುದುಕಿ. ಅವನು ಹೋಗಿ ಮೂಲೆಯ ಬಟ್ಟೆಗಂಟು ಬಿಚ್ಚಿದ.

ಡಾಕ್ಟರು ಇದನ್ನು ಕೇಳಿ, ವೃದ್ಧರಲ್ಲಿ ಬುದ್ಧಿ ಹೀಗೆ ಹೋಗಿ ಬಂದು ಮಾಡುತ್ತದೆ, ತಾವು ಯಾವಾಗಲೋ ಕೊಟ್ಟಿದ್ದ ಟಾನಿಕ್ ಈಗ ನಾಟಿರಬೇಕು ಎಂದರು. ಇರಲಿ. ಜವರಯ್ಯ ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ಅವನಿಗೆ ಬೇರೊಂದು ಪೇಚು ಬಂದಿತ್ತು.

ಸಿದ್ದಮ್ಮ ಒಂದು ದಿನ ಕೇಳಿದಳು: “ಗಂಗೀ ಎಲ್ಲಿ? ಮೂರು ದಿನದಿಂದ ನೋಡ್ತೀನಿ, ಮಗೀನ ಸುಳಿವೇ ಇಲ್ಲ.” ಗಂಗಮ್ಮ ಪುಟ್ಟಸ್ವಾಮಿಯ ಮಗಳು, ಅಜ್ಜಿಯ ಸೆರಗು ಹಿಡಿದೇ ಬೆಳೆದವಳು. ಮಾಘದಲ್ಲಿ ಅವಳ ಮದುವೆಯಾಗಿ ಹೆಬ್ಬಾಲೆ ಕಡೆ ಹೋಗಿದ್ದಳು. ಅಜ್ಜಿಯನ್ನು ಚಪ್ಪರದಲ್ಲಿ ಕೂರಿಸಿದ್ದರು, ಕೈಗೆ ಅಕ್ಷತೆ ಕೊಟ್ಟಿದ್ದರು, ಅವಳು ಅದನ್ನು ಬಾಯಿಗೆ ಹಾಕಿಕೊಂಡಿದ್ದಳು. ಬೀಗರು ನಕ್ಕಿದ್ದರು. ಅವಳಿಗೆ ಅದರಲ್ಲಿ ಒಂದು ಎಳೆಯೂ ನೆನಪಿರಲಿಲ್ಲ.

ಚಲುವಮ್ಮ ಒಲೆಯ ಕಡೆ ತಿರುಗಿದಳು. ಮುದುಕಿ ಒಬ್ಬೊಬ್ಬರ ಮುಖ ನೋಡಿದಳು. ಕೊನೆಗೆ ಜವರಯ್ಯನೇ ಹೇಳಿದ: ಸೀಸೆಯ ವಿಷಯ, ತನ್ನ ಕೈಯ ವಿಷಯ, ಮದುವೆಯ ವಿಷಯ. ಅವಳು ಬೆರಳು ಮಡಿಸಿ ಎಣಿಸಿದಳು.

“ಏಳು ತಿಂಗ್ಳು,” ಎಂದಳು ಆಮೇಲೆ. “ಇನ್ನು ಎಷ್ಟು ತಿಂಗ್ಳು ಬದುಕ್ತೀನಿ ಅಂತ ಅಂದ್ಕಂಡು ಏಳು ತಿಂಗ್ಳು ಕಿತ್ಕಂಡೆ ಜವರ? ನಿಂಗೆ ಮಾಪು ಇಲ್ಲ ಕಣೋ.”

“ಬ್ಯಾಡ ಕಣವ್ವ.”

“ಮಾಪು ಇಲ್ಲ. ನಾಳೆ ಬಾ. ಮದ್ವೆ ಹೇಳು. ಎಲ್ಲಾ ಹೇಳ್ಬೇಕು, ಚಪ್ಪರ ಹಾಕ್ದಲ್ಲಿಂದ.”

ಹಾಗೆ ಶುರುವಾಯಿತು. ದಿನಾ ಸಂಜೆ ಜವರಯ್ಯ ಬರುತ್ತಿದ್ದ. ಗೊತ್ತಿಲ್ಲದ್ದನ್ನು ಹಗಲಲ್ಲಿ ಊರೆಲ್ಲ ಕೇಳಿಕೊಂಡು ಬರುತ್ತಿದ್ದ. ಚಲುವಮ್ಮ ನಡುನಡುವೆ ತಿದ್ದುತ್ತಿದ್ದಳು. ಚಪ್ಪರಕ್ಕೆ ಯಾರ ತೋಟದ ಗಳ, ಅರಿಶಿನ ಕುಟ್ಟಿದವರು ಯಾರು, ಬಳೆಗಾರ ಎಷ್ಟು ಬಳೆ ಒಡೆದ, ಬೀಗರು ಯಾವ ಸಾರಿಗೆ ಮೂಗು ಮುರಿದರು, ಎಲ್ಲವೂ ಬೇಕಾಗಿತ್ತು ಸಿದ್ದಮ್ಮನಿಗೆ. ಅವಳು ಅವಸರಪಡಲಿಲ್ಲ, ಅವಸರಪಡಿಸಲೂ ಬಿಡಲಿಲ್ಲ. “ಹಾರ್ಸ್‌ಬ್ಯಾಡ. ಎಲೆ ಹಾಕುದ್ರಿ, ಎಲೆ ಮೇಲೆ ಮೊದ್ಲು ಏನು ಬಿತ್ತು?” ಎನ್ನುತ್ತಿದ್ದಳು.

ಹಸೆಗೆ ಬಂದಾಗ ಅವಳು ಕೇಳಿದಳು: “ಸೋಬಾನೆ ನಾನು ಹೇಳ್ದೆನಾ?”

ಚಲುವಮ್ಮ, “ಹೂಂ ಅತ್ತೆ, ಹೇಳಿದ್ರಿ,” ಎಂದು ಬಾಯಿ ಹಾಕಿದಳು.

“ಇಲ್ಲ ಕಣವ್ವ,” ಎಂದ ಜವರಯ್ಯ. “ಹೇಳ್ಲಿಲ್ಲ.”

“ಮತ್ಯಾರು?”

“ಮೇಲಿನ ಕೇರಿ ಕಾಮಾಕ್ಷಮ್ಮ.”

“ಕಾಮಾಕ್ಷೀನಾ!” ಸಿದ್ದಮ್ಮ ಹಲಗೆಯ ಮೇಲೆ ನೆಟ್ಟಗೆ ಕೂತಳು. “ಅವ್ಳ ಗಂಟ್ಲು ಕೇಳಿ ಕತ್ತೆ ನೆಂಟಸ್ತನ ಕೇಳ್ಕಂಡು ಬತ್ತದೆ! ನನ್ನ ಮೊಮ್ಮಗೀಗೆ ಅವ್ಳು ಪದ ಹೇಳಿದ್ಲಾ? ಯಾವ್ಯಾವ ಪದ ಹೇಳಿದ್ಲು? ಎಷ್ಟು ತಪ್ಪು ಹೇಳಿದ್ಲು?” ಬೈಯುತ್ತ ಬೈಯುತ್ತ ಅವಳ ಕಣ್ಣಿನಿಂದ ನೀರು ಇಳಿಯಿತು. ಸೆರಗಿನಿಂದ ಒರೆಸಿಕೊಳ್ಳಲೂ ಇಲ್ಲ. “ನಾಳೆ ಅವ್ಳನ್ನ ಕರ್ಕಂಡು ಬಾ. ಹೇಳಿದ್ದನ್ನೆಲ್ಲ ನನ್ನ ಮುಂದೆ ಹೇಳ್ಲಿ.”

ಕಾಮಾಕ್ಷಮ್ಮ ಬಂದಳು. ಹೆದರಿಕೊಂಡೇ ಹೇಳಿದಳು. ಸಿದ್ದಮ್ಮ ಸಾಲು ಸಾಲಿಗೂ ತಡೆದು, ತಿದ್ದಿ, ಮತ್ತೆ ಹೇಳಿಸಿದಳು. ಹೀಗಾಗಿ ಧಾರೆಗೆ ಬರುವುದೇ ಎರಡು ದಿನ ತಡವಾಯಿತು.

ಆ ಮಧ್ಯೆ ಸಮಿತಿಯ ಆಜ್ಞೆ ಬಂತು. ಬಿಟ್ಟಂಗಾಲದ ಹತ್ತಿರ, ಕಾಫಿ ತೋಟದ ಕೂಲಿ ಲೈನುಗಳ ಜನಕ್ಕೆಂದು ಸಮಿತಿ ಇನ್ನೊಂದು ದವಾಖಾನೆ ನಡೆಸುತ್ತಿತ್ತು. ಕಾಂಪೌಂಡರ್ ಜವರಯ್ಯ ಬರುವ ಸೋಮವಾರ ಅಲ್ಲಿ ಹಾಜರಾಗತಕ್ಕದ್ದು. ಕೊಡಗಿನ ಆ ತುದಿ. ವಿರಾಜಪೇಟೆಗೆ ಹೋಗಿ ಅಲ್ಲಿಂದ ನಡೆಯಬೇಕು. ಹೊಂಗೆಕೊಪ್ಪಲಿನ ಕಿಟಕಿಗೆ ಹೊಸ ಕಾಂಪೌಂಡರ್ ಬಂದು ಮುಳ್ಳಿನ ಕೊಂಬೆ ತೆಗೆದೆಸೆದ. ಮಾರಿಯ ಬುಟ್ಟಿ ಮತ್ತೆ ತುಂಬಿತು. ಊರಿನಲ್ಲಿ ಯಾರೂ ಇದಕ್ಕೆ ಒಂದು ಅರ್ಜಿ ಬರೆಯಲಿಲ್ಲ. ಪುಟ್ಟಸ್ವಾಮಿಯೂ ಬರೆಯಲಿಲ್ಲ. ಜವರಯ್ಯ ಅಲ್ಲಿ ಎರಡು ವರ್ಷ ಲೈನುಗಳ ಮುದುಕರ ಪಕ್ಕ ಕೂತ, ಎದೆನೋವು ಹೊತ್ತು ಮನೆಗೆ ಬಂದ, ಐವತ್ತಕ್ಕೆ ಒಂದು ವರ್ಷ ಕಡಿಮೆಯಿರುವಾಗ ಹೋದ. ಅವನ ಪಕ್ಕ ಹೊನ್ನಮ್ಮ ಕೂತಿದ್ದಳು. ಡಾಕ್ಟರಿಗೆ ಹೇಳಿಕಳಿಸಿದ್ದಕ್ಕೆ, ಏನು ತೊಂದರೆ ಎಂದು ಬರೆದು ಕಳಿಸಿ ಎಂದು ಅವರು ಹೇಳಿದ್ದರು.

ಆದರೆ ಹಾಜರಾಗಬೇಕಿದ್ದ ಆ ಸೋಮವಾರ ಅವನು ಹೋಗಲಿಲ್ಲ. ಹೇಳುತ್ತಿದ್ದ ಮದುವೆಯಲ್ಲಿ ಧಾರೆ ಆಗಿತ್ತು, ಹೆಣ್ಣು ಒಪ್ಪಿಸುವುದು ಬಾಕಿಯಿತ್ತು. ಗಂಗಮ್ಮ ಗಾಡಿ ಹತ್ತುವ ಮುಂಚೆ ಅಜ್ಜಿಯ ಕಾಲಿಗೆ ಬಿದ್ದು ಏನು ಹೇಳಿದಳೆಂಬುದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಜವರಯ್ಯ ಹೆಬ್ಬಾಲೆಯವರೆಗೆ ನಡೆದುಹೋಗಿ, ಆ ಹುಡುಗಿಯನ್ನೇ ಕೇಳಿ, ಬುಧವಾರ ಸಂಜೆ ವಾಪಸು ಬಂದು ಸಿದ್ದಮ್ಮನಿಗೆ ಹೇಳಿದ. ಏನು ಹೇಳಿದನೋ, ಅವರಿಬ್ಬರಿಗೇ ಗೊತ್ತು. ಚಲುವಮ್ಮನನ್ನು ಮುದುಕಿ ಆ ಹೊತ್ತಿಗೆ ನೀರಿಗೆ ಕಳಿಸಿದ್ದಳು.

ಶುಕ್ರವಾರ ಅವನು ಹೊಸ ಜಾಗಕ್ಕೆ ಹಾಜರಾದ. ನಾಲ್ಕು ದಿನ ತಡವೇಕೆಂದು ಅಲ್ಲಿಯವರು ಬರೆಸಿಕೊಂಡರು. ಅವನು ಬರೆದ ಉತ್ತರ ಸಮಿತಿಯ ಕಡತದಲ್ಲಿ ಈಗಲೂ ಇರಬೇಕು: ‘ಊರಿನಲ್ಲಿ ಒಂದು ಮದುವೆ ಮುಗಿದಿರಲಿಲ್ಲ.’ ಅದರ ಕೆಳಗೆ ಅಧ್ಯಕ್ಷರು ಕೆಂಪು ಶಾಯಿಯಲ್ಲಿ, ಈ ಕಾರಣ ಒಪ್ಪತಕ್ಕದ್ದಲ್ಲ ಎಂದು ಬರೆದು ಸಹಿ ಹಾಕಿದ್ದಾರೆ.